ಬ್ಯಾಡಗಿ ಪೇಟೆಯ ಚಳಿ: ಸ್ವೆಟರ್ ಆಮೇಲಾಗಲಿ, ಮೊದಲು ಕೂಲಿ ಲೆಕ್ಕ ಸರಿಯಾಗಲಿ

ರಾಣೆಬೆನ್ನೂರು: ಡಿಸೆಂಬರ್ ಕೊನೆಗೆ ನಮ್ಮ ಜಿಲ್ಲೆಯಲ್ಲಿ ಸೂರ್ಯ ಹುಟ್ಟುವುದೇ ಸುಮಾರು 6.50ಕ್ಕೆ. ಜನವರಿ ಸಂಕ್ರಾಂತಿ ಹೊತ್ತಿಗೆ ಇನ್ನೂ ನಾಲ್ಕೈದು ನಿಮಿಷ ತಡ. ಆದರೆ ಬ್ಯಾಡಗಿ ಮೆಣಸಿನಕಾಯಿ ಪೇಟೆಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಅಷ್ಟೊತ್ತಿಗೆ ಬುತ್ತಿ ಕಟ್ಟಿಕೊಂಡು, ತಲೆಗೆ ಶಾಲು ಸುತ್ತಿಕೊಂಡು ಊರ ಮುಂದಿನ ರಸ್ತೆಯಲ್ಲಿ ಟಂಟಂ ಕಾಯುತ್ತ ನಿಂತಿರುತ್ತಾರೆ. ಹಮಾಲರದು ಅದಕ್ಕಿಂತ ಮೊದಲೇ ಶುರು. ಸೋಮವಾರ ಮತ್ತು ಗುರುವಾರ ಟೆಂಡರ್. ಹಿಂದಿನ ರಾತ್ರಿಯಿಂದಲೇ ಲಾರಿ, ಟ್ರ್ಯಾಕ್ಟರ್‌ಗಳು ಬಂದು ನಿಲ್ಲುತ್ತವೆ, ಚೀಲ ಇಳಿಯುತ್ತಲೇ ಇರುತ್ತವೆ.

ಚಳಿಗಾಲ ಬಂತೆಂದರೆ ದಲಾಲಿ ಅಂಗಡಿ, ಗೋದಾಮು, ಬೀಜದ ಪ್ಲಾಟು, ಇಟ್ಟಂಗಿ ಭಟ್ಟಿಗಳ ಮಾಲೀಕರು ತಮ್ಮ ಕೈಲಾದದ್ದು ಮಾಡುತ್ತಾರೆ. ಬೆಳಿಗ್ಗೆ ಒಂದು ಸುತ್ತು ಚಹಾ ಹೆಚ್ಚಿಗೆ. ಎಲ್ಲೋ ಒಂದೆರಡು ಕಡೆ ಕಂಬಳಿ, ಸ್ವೆಟರ್ ಕೊಡುವುದೂ ಉಂಟು. ಅದನ್ನು ಕಡೆಗಣಿಸುವ ಹಾಗಿಲ್ಲ. ಆದರೆ ನಸುಕಿನ ಚಳಿಯಲ್ಲಿ ಕೆಲಸಕ್ಕೆ ಕೂರಿಸುವುದು ಮಾಲೀಕರ ಗದರಿಕೆ ಅಲ್ಲ, ಕೂಲಿ ಕೊಡುವ ರೀತಿ. ಮೆಣಸಿನಕಾಯಿ ತೊಟ್ಟು ಬಿಡಿಸುವವರಿಗೆ ಕೆಜಿ ಲೆಕ್ಕ, ಹಮಾಲರಿಗೆ ಚೀಲದ ಲೆಕ್ಕ. ಒಂದು ತಾಸು ತಡವಾಗಿ ಬಂದರೆ ಆ ತಾಸಿನ ದುಡ್ಡು ಹೋಯಿತು. 'ಚಳಿ ಬಿಟ್ಟ ಮೇಲೆ ಬರ್ರಿ' ಅಂತ ಮಾಲೀಕರೇ ಹೇಳಿದರೂ ಯಾರೂ ತಡವಾಗಿ ಬರಲಿಕ್ಕಿಲ್ಲ. ಯಾಕೆ ಬರಬೇಕು?

ಎಚ್ಚರಿಕೆ ಬರುವುದೇ ಇಲ್ಲ

ಇಲ್ಲೇನು ಹಿಮ ಬೀಳುತ್ತದಾ ಎಂದು ಕೇಳುವವರೂ ಇದ್ದಾರೆ. ಬೀಳುವುದಿಲ್ಲ. ಡಿಸೆಂಬರ್-ಜನವರಿಯ ನಸುಕಿನಲ್ಲಿ ಹಾವೇರಿ ಸೀಮೆಯಲ್ಲಿ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು, ಕೆಲವು ದಿನ ಅದಕ್ಕೂ ಕೆಳಗೆ. ಭಾರತೀಯ ಹವಾಮಾನ ಇಲಾಖೆ ಬಯಲು ಪ್ರದೇಶದಲ್ಲಿ ಶೀತಗಾಳಿ ಎಂದು ಪರಿಗಣಿಸಬೇಕಾದರೆ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿಯಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇರಬೇಕು. ಇಲ್ಲವೇ ನೇರವಾಗಿ 4 ಡಿಗ್ರಿಗೆ ಇಳಿಯಬೇಕು. ಬೀದರ್, ಕಲಬುರಗಿ, ವಿಜಯಪುರದ ಕಡೆ ಇಂಥ ಎಚ್ಚರಿಕೆ ಬರುವುದುಂಟು. ಹಾವೇರಿಗೆ ಆ ಲೆಕ್ಕ ತಾಗುವುದೇ ಅಪರೂಪ. ಶೀತಗಾಳಿ ಕೇಂದ್ರ ಸರ್ಕಾರದ ಅಧಿಸೂಚಿತ ವಿಪತ್ತುಗಳ ಪಟ್ಟಿಯಲ್ಲಿ ಇದೆ, ಸರಿ. ಆದರೆ ಬ್ಯಾಡಗಿಯ 14 ಡಿಗ್ರಿ ಯಾವ ಪಟ್ಟಿಗೂ ಸೇರುವುದಿಲ್ಲ.

ಹಾಗಂತ ಮೈಗೆ ಅದು ಗೊತ್ತಾಗದೇ ಇರುತ್ತದೆಯೇ? 15 ಡಿಗ್ರಿಯಲ್ಲಿ ವಾಕಿಂಗ್ ಹೋಗುವುದು ಬೇರೆ, ಅದೇ 15 ಡಿಗ್ರಿಯಲ್ಲಿ ಇಬ್ಬನಿ ಬಿದ್ದ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಮೂರು ತಾಸು ಅಲ್ಲಾಡದೆ ಕೂರುವುದು ಬೇರೆ. ಅದಕ್ಕೆ ಮುಂಚೆ ತೆರೆದ ಗಾಡಿಯಲ್ಲಿ ಗಾಳಿಗೆ ಮುಖ ಕೊಟ್ಟು ಬಂದಿರುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 48ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇದ್ದವರಿಗೆ ಚಳಿ ತಡೆಯುವ ಶಕ್ತಿಯೂ ಕಡಿಮೆ. ಹಮಾಲರ ಕಷ್ಟ ಇನ್ನೊಂದು ತರಹ: ಬೆರಳು ಸೆಟೆದರೆ ಹಿಡಿತ ಸಡಿಲ, ಬಿಸಿಯಾಗದ ಸೊಂಟದ ಮೇಲೆ ಚೀಲ ಬಿದ್ದರೆ ಉಳುಕು. ಬೆವರು ಬಂದ ಮೇಲೆ ಚಳಿ ಇಲ್ಲ ಅನಿಸುತ್ತದೆ. ಚೀಲ ಇಳಿಸಿ ಮುಂದಿನ ಗಾಡಿಗೆ ಕಾಯುತ್ತ ಒದ್ದೆ ಬನಿಯನ್‌ನಲ್ಲಿ ನಿಂತಾಗ ಮೈ ನಡುಗಲು ಶುರು.

ಮೆಣಸಿನಕಾಯಿ ಕೆಲಸದಲ್ಲಿ ಹೊರಗಿನವರಿಗೆ ತಿಳಿಯದ ಮತ್ತೊಂದು ಸಂಕಟ ಇದೆ. ಬರಿಗೈಯಲ್ಲಿ ತೊಟ್ಟು ಬಿಡಿಸಿದ ಕೈಯನ್ನು ಚಳಿ ಅಂತ ಬೆಂಕಿಗೆ ಹಿಡಿದರೆ ಉರಿ ಇಳಿಯುವುದಿಲ್ಲ, ಏರುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಖಾರದ ಅಂಶ ಚರ್ಮದಲ್ಲಿ ಬಿಸಿಯನ್ನು ಗುರುತಿಸುವ ನರಗಳನ್ನೇ ಕೆಣಕುತ್ತದೆ. ಆ ಗ್ರಾಹಕವನ್ನು ಇದೇ ಕ್ಯಾಪ್ಸೈಸಿನ್ ಬಳಸಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿ ಬಂತು. ಪೇಟೆಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಈ ಅಂಶ ಬರೀ ನೀರಿಗೆ ಹೋಗುವುದಿಲ್ಲ. ಮೊದಲು ಎಣ್ಣೆ ಸವರಿ, ಆಮೇಲೆ ಸೋಪು ಹಚ್ಚಿ ತೊಳೆಯಬೇಕು. ಅಂಗಡಿ ಮುಂದೆ ಒಂದು ಬಕೆಟ್ ಉಗುರುಬೆಚ್ಚನೆಯ ನೀರು, ಸೋಪು, ಒಂದು ಬಾಟಲಿ ಎಣ್ಣೆ ಇಟ್ಟರೆ ಅದಕ್ಕೇನು ದೊಡ್ಡ ಖರ್ಚು?

ಹೂವಿಗೆ ಕಾಯುವ ಪ್ಲಾಟು

ಹೊತ್ತು ನೋಡಿ ಕೆಲಸ ಶುರು ಮಾಡುವುದು ಈ ಜಿಲ್ಲೆಗೆ ಹೊಸದಲ್ಲ. ರಾಣೆಬೆನ್ನೂರು ಸುತ್ತಲಿನ ಬೀಜೋತ್ಪಾದನೆ ಪ್ಲಾಟುಗಳಲ್ಲಿ ನೋಡಿ. ಹೈಬ್ರಿಡ್ ತರಕಾರಿ ಬೀಜಕ್ಕೆ ಕ್ರಾಸಿಂಗ್ ಮಾಡುವಾಗ ಮಧ್ಯಾಹ್ನದ ಮೇಲೆ ಮೊಗ್ಗಿನ ಕೇಸರ ತೆಗೆದಿಟ್ಟು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುತ್ತಾರೆ. ಆ ಬೆಳಗಿನ ಕೆಲಸ ಇಬ್ಬನಿ ಆರುವವರೆಗೆ ಶುರುವಾಗುವುದಿಲ್ಲ, ಒದ್ದೆಯಾದ ಪರಾಗ ಕೆಟ್ಟುಹೋಗುತ್ತದೆ. ಕೈಯಿಂದ ಒಂದೊಂದೇ ಹೂವಿಗೆ ಮಾಡುವ ಕೆಲಸ, ಮಾಡುವವರು ಬಹುತೇಕ ಹೆಣ್ಣುಮಕ್ಕಳು. ಹೂವಿಗಾಗಿ ಕಾದ ಆ ಹೊತ್ತಿಗೆ ಯಾರೂ ತಕರಾರು ತೆಗೆಯುವುದಿಲ್ಲ, ಬೀಜದ ಲಾಭ ಅದರಲ್ಲೇ ಇದೆ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಬೆಳಗಿನ ಹೊತ್ತು ಹಾಳು ಅನ್ನುವ ಮಾತು ಬರುತ್ತದೆ.

ಬ್ಯಾಡಗಿ ಪೇಟೆಯಲ್ಲಿ ಯಾವ ಕೆಲಸ ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂದು ಮೊದಲು ಬಿಡಿಸಿ ನೋಡಬೇಕು. ಟೆಂಡರ್ ದಿನ ಮಾಲು ಬೆಳಿಗ್ಗೆಯೇ ಲಾಟ್ ಆಗಿ ಬೀಳಬೇಕು, ಖರೀದಿದಾರರು ನೋಡಬೇಕು, ದರ ಹಾಕಬೇಕು. ಅಲ್ಲಿ ತಡ ಮಾಡಿದರೆ ನಷ್ಟ ಆಗುವುದು ದೂರದಿಂದ ಬಂದು ಚೀಲದ ಪಕ್ಕದಲ್ಲೇ ಮಲಗೆದ್ದ ರೈತನಿಗೆ. ಹಾಗಾಗಿ ಚೀಲ ಇಳಿಸುವುದನ್ನು ಮುಂದೂಡಿ ಎನ್ನುವುದು ಆಗದ ಮಾತು. ಅದನ್ನು ಪಾಳಿಯಲ್ಲಿ ಹಂಚಬಹುದು ಅಷ್ಟೇ: ರಾತ್ರಿ ಇಳಿಸಿದವರೇ ಬೆಳಿಗ್ಗೆ ಲೋಡ್ ಮಾಡಬಾರದು, ಗಾಡಿಗೂ ಗಾಡಿಗೂ ನಡುವೆ ನಿಲ್ಲಲು ಗಾಳಿ ಮರೆಯ ಜಾಗ ಬೇಕು, ಬದಲಾಯಿಸಲು ಒಣಗಿದ ಅಂಗಿ ಬೇಕು.

ತೊಟ್ಟು ಬಿಡಿಸುವ, ಗ್ರೇಡ್ ಮಾಡುವ ಕೆಲಸ ಹಾಗಲ್ಲ. ಖರೀದಿ ಆದ ಮಾಲು ಅಂಗಡಿಯಲ್ಲೇ, ಗೋದಾಮಿನಲ್ಲೇ ಇರುತ್ತದೆ. ಬೆಳಿಗ್ಗೆ ಏಳರ ಬದಲು ಎಂಟೂವರೆಗೆ ಶುರುವಾದರೆ ಮೆಣಸಿನಕಾಯಿ ಕೆಡುವುದಿಲ್ಲ. ಕೆಡುವುದು ಕೂಲಿ. ಸಂಜೆ ಒಂದೂವರೆ ತಾಸು ಜಾಸ್ತಿ ಕೂರಿ ಎನ್ನುವಂತೆಯೂ ಇಲ್ಲ. ಡಿಸೆಂಬರ್‌ನಲ್ಲಿ ಆರೂ ಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ, ಊರಿಗೆ ಗಾಡಿ ಸಿಗಬೇಕು, ಮನೆಯಲ್ಲಿ ಒಲೆ ಹಚ್ಚಬೇಕು.

ಕಾನೂನು ಏನು ಹೇಳುತ್ತದೆ

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸುರಕ್ಷತೆಗೆ ಸಂಬಂಧಿಸಿದ ಸಂಹಿತೆ ಮುಖ್ಯವಾಗಿ 10 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಬಳಸುವಲ್ಲಿ 20, ಬಳಸದಲ್ಲಿ 40 ಜನ ಬೇಕು. ಮೊದಲಿನ ಕಾಯ್ದೆಯಲ್ಲಿ ಇದು 10 ಮತ್ತು 20 ಇತ್ತು. ಅಂದರೆ ಐದಾರು ಜನ ಹೆಣ್ಣುಮಕ್ಕಳನ್ನು ಕೂರಿಸಿಕೊಂಡ ಸಣ್ಣ ಅಂಗಡಿ ಇದರ ಹೊರಗೇ ಉಳಿಯುತ್ತದೆ.

ವೇತನ ಸಂಹಿತೆಗೆ ಮಾತ್ರ ಇಂಥ ತಲೆಲೆಕ್ಕದ ಮಿತಿ ಇಲ್ಲ. ಒಬ್ಬರೇ ಇದ್ದರೂ ಕನಿಷ್ಠ ವೇತನ ಅನ್ವಯ. ದಿನದ ಲೆಕ್ಕದಲ್ಲಿ ಕನಿಷ್ಠ ಕೂಲಿ ನಿಗದಿಯಾದವರಿಗೆ ಮಾಲೀಕರು ಪೂರ್ತಿ ದಿನದ ಕೆಲಸ ಕೊಡದೆ ಕಡಿಮೆ ತಾಸು ಆದರೂ ಇಡೀ ದಿನದ ಕೂಲಿ ಸಲ್ಲಬೇಕು. ಕೆಲಸಗಾರರೇ ಮನಸ್ಸಿಲ್ಲದೆ ಬಿಟ್ಟರೆ ಮಾತು ಬೇರೆ. ತುಂಡು ಲೆಕ್ಕದ ಕೆಲಸಕ್ಕೂ, ಸರ್ಕಾರ ಆ ಕೆಲಸಕ್ಕೆ ತಾಸು-ದಿನದ ದರವನ್ನಷ್ಟೇ ಗೊತ್ತು ಮಾಡಿದ್ದರೆ, ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲೂ ಇದು ಇತ್ತು. ಪೇಟೆಯಲ್ಲಿ ಅದರ ನೆನಪು ಯಾರಿಗೂ ಇದ್ದಂತಿಲ್ಲ. ಕೆಜಿ ಲೆಕ್ಕ ಎಂದ ಮೇಲೆ ಕಾನೂನು ಮುಗಿಯಿತು ಎಂಬ ನಂಬಿಕೆ ಎರಡೂ ಕಡೆ ಇದೆ.

ಹೊತ್ತು ಕಡಿಮೆ ಮಾಡಿ ಕೂಲಿ ಉಳಿಸಿದ ಉದಾಹರಣೆ ಸರ್ಕಾರದಲ್ಲೇ ಇದೆ. ಬೇಸಿಗೆಯಲ್ಲಿ ಬೆಳಗಾವಿ, ಕಲಬುರಗಿ ವಿಭಾಗದ ನರೇಗಾ ಕೂಲಿಕಾರರಿಗೆ ಅಗೆಯಬೇಕಾದ ಪ್ರಮಾಣದಲ್ಲಿ ರಿಯಾಯಿತಿ ಕೊಟ್ಟು, ಕೂಲಿ ಪೂರ್ತಿ ಕೊಡುತ್ತ ಬರಲಾಗಿದೆ. ಹಾವೇರಿ ಬೆಳಗಾವಿ ವಿಭಾಗದಲ್ಲೇ ಇದೆ. ಕಲಬುರಗಿ ವಿಭಾಗ ಮತ್ತು ವಿಜಯಪುರ, ಬಾಗಲಕೋಟೆಯ ಸರ್ಕಾರಿ ನೌಕರರಿಗಂತೂ ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕಚೇರಿ, ಸಂಬಳ ಕಡಿತವಿಲ್ಲ. ಬಿಸಿಲಿಗೆ ಆದದ್ದು ಚಳಿಗೆ ಏಕಾಗಬಾರದು?

ಸಣ್ಣ ಅಂಗಡಿಕಾರರ ಮಾತನ್ನೂ ಕೇಳಬೇಕು. ಮೆಣಸಿನಕಾಯಿ ದರ ಅವರ ಕೈಯಲ್ಲಿಲ್ಲ. 2024ರ ಮಾರ್ಚ್ 11ರಂದು ದರ ಕುಸಿದು ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ಯಾರೂ ಮರೆತಿಲ್ಲ. ಒಬ್ಬರೇ ಕೂಲಿ ಹೆಚ್ಚು ಮಾಡಿದರೆ ಪಕ್ಕದ ಅಂಗಡಿಯ ಮುಂದೆ ಅವರ ಲೆಕ್ಕ ಕೂಡುವುದಿಲ್ಲ. ಅದಕ್ಕೇ ಇದು ಒಬ್ಬೊಬ್ಬ ಮಾಲೀಕರ ಧರ್ಮಬುದ್ಧಿಗೆ ಬಿಡುವ ವಿಷಯ ಅಲ್ಲ. ವರ್ತಕರು ಕೂತು, ಡಿಸೆಂಬರ್ 15ರಿಂದ ಜನವರಿ ಕೊನೆಯವರೆಗೆ ತೊಟ್ಟು ಬಿಡಿಸುವ ಕೆಲಸ ಇಂತಿಷ್ಟು ಗಂಟೆಗೆ ಶುರು, ಆ ಸುಮಾರು ಏಳು ವಾರ ಕೆಜಿಗೆ ಇಷ್ಟು ಹೆಚ್ಚು ಎಂದು ಇಡೀ ಪೇಟೆಗೆ ಒಂದೇ ಮಾತು ಮಾಡಿಕೊಂಡರೆ ಯಾರಿಗೂ ಪೈಪೋಟಿಯ ಪೆಟ್ಟಿಲ್ಲ. ಹಮಾಲಿ ದರವನ್ನು ಇಡೀ ಪೇಟೆಗೆ ಒಂದೇ ಎಂದು ಗೊತ್ತು ಮಾಡುವ ರೂಢಿ ಮೊದಲಿನಿಂದಲೂ ಇದೆಯಲ್ಲ.

ಬಾಗಿಲೊಳಗಿನ ಚಳಿ

ನಿಜವಾದ ಮೈ ಕೊರೆಯುವ ಚಳಿ ನೋಡಬೇಕೆಂದರೆ ಬ್ಯಾಡಗಿಯಲ್ಲಿ ಯಾವ ತಿಂಗಳಿಗೂ ಕಾಯಬೇಕಿಲ್ಲ. ಕೋಲ್ಡ್ ಸ್ಟೋರೇಜ್ ಬಾಗಿಲು ತೆರೆದರೆ ಸಾಕು. ಬಣ್ಣ ಮಾಸದಂತೆ ಮೆಣಸಿನಕಾಯಿಯನ್ನು ಅಲ್ಲಿ 10 ಡಿಗ್ರಿಯೊಳಗೇ ಇಡುತ್ತಾರೆ. ಹೊರಗೆ ಇಷ್ಟಕ್ಕಿಳಿದರೆ ಶೀತಗಾಳಿಯ ಸುದ್ದಿ ಆಗುತ್ತದೆ, ಒಳಗೆ ಅದು ವರ್ಷಪೂರ್ತಿ ದಿನದ ಕೆಲಸ. ಮಾರ್ಚ್-ಏಪ್ರಿಲ್‌ನಲ್ಲಿ ಹೊರಗೆ 36-37 ಡಿಗ್ರಿ ಬಿಸಿಲಲ್ಲಿ ಚೀಲ ಹೊತ್ತು ಬೆವರಿದ ಹಮಾಲರು ಅದೇ ಬೆವರಿನ ಅಂಗಿಯಲ್ಲಿ ಒಳಗೆ ಹೋಗಿ ಬರುತ್ತಿರುತ್ತಾರೆ. ಬಾಗಿಲ ಬಳಿ ನಾಲ್ಕು ದಪ್ಪ ಜಾಕೆಟ್ ತೂಗುಹಾಕಿ, ಒಳಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಜನ ಬದಲಾಯಿಸುವುದು ದೊಡ್ಡ ಯಂತ್ರ ಬೇಡುವ ಕೆಲಸವೇನಲ್ಲ. ಜಾಕೆಟ್ ಹಾಕಿಕೊಳ್ಳುವ, ತೆಗೆಯುವ ಹೊತ್ತೂ ಚೀಲದ ಲೆಕ್ಕದಲ್ಲಿ ನಷ್ಟವೇ ಆದರೆ ಮಾತ್ರ ಆ ಜಾಕೆಟ್ ಅಲ್ಲೇ ತೂಗುತ್ತಿರುತ್ತದೆ.

ಬೆಂಕಿಯ ವಿಷಯದಲ್ಲಿ ಯಾವ ಸಡಿಲಿಕೆಯೂ ಬೇಡ. ಬಯಲಲ್ಲಿ, ಗೋಣಿಚೀಲದಿಂದ ದೂರ ಬೆಂಕಿ ಕಾಯಿಸಿಕೊಂಡರೆ ತಪ್ಪಿಲ್ಲ. ಗೋದಾಮು ಕಾಯುವವರು, ಲಾರಿ ಕ್ಲೀನರ್‌ಗಳು, ಪರವೂರಿನಿಂದ ಬಂದು ಶೆಡ್‌ನಲ್ಲಿ ಉಳಿದವರು ಬಾಗಿಲು ಹಾಕಿಕೊಂಡು ಕೆಂಡ ಇಟ್ಟು ಮಲಗುವುದೇ ಅಪಾಯ. 2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದ್ದ ಮೂವರು ಯುವಕರು ಬೆಳಗಾಗುವುದರಲ್ಲಿ ಜೀವ ಬಿಟ್ಟಿದ್ದರು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವೂ ಆಗುವುದಿಲ್ಲ. ಆಳುಗಳನ್ನು ಶೆಡ್‌ನಲ್ಲಿ ಮಲಗಿಸಿಕೊಂಡ ಮಾಲೀಕರು ಕಂಬಳಿ ಕೊಟ್ಟಿದ್ದಾರೋ ಇಲ್ಲವೋ ಎಂಬುದರ ಜೊತೆಗೆ, ರಾತ್ರಿ ಮಲಗುವ ಮುಂಚೆ ಒಳಗೆ ಕೆಂಡ ಇದೆಯೇ ಎಂದು ಒಮ್ಮೆ ಬಗ್ಗಿ ನೋಡಬೇಕು.

ಬ್ಯಾಡಗಿ ಪೇಟೆಗೆ ಮಾಲಿನ ಭರಾಟೆ ಏರುವುದೇ ಜನವರಿಯಿಂದ. ಫೆಬ್ರವರಿ, ಮಾರ್ಚ್‌ಗೆ ಆವಕ ತುದಿ ಮುಟ್ಟುತ್ತದೆ. ಚಳಿ ಬಿಡುವುದೂ ಅದೇ ಹೊತ್ತಿಗೆ. ಪೇಟೆ ಒಂದು ಮಾತಿಗೆ ಬರುವುದಾದರೆ ಅದಕ್ಕೆ ಸಿಗುವುದು ಬೆರಳೆಣಿಕೆಯ ವಾರಗಳು.