ವಿದ್ಯುತ್ ಬಿಲ್ಲಿಗೆ ಆಕ್ಷೇಪ: ಎಲ್ಲಿ, ಯಾವಾಗ?

ನಿರ್ಣಾ, ಹುಮನಾಬಾದ್ ಅಥವಾ ಬಸವಕಲ್ಯಾಣದಲ್ಲಿ ಬೇಳೆ ಗಿರಣಿಯನ್ನೋ ವೆಲ್ಡಿಂಗ್ ಕಾರ್ಖಾನೆಯನ್ನೋ ನಡೆಸುವವರ ಕೈಗೆ ಪ್ರತಿ ತಿಂಗಳೂ ವಿದ್ಯುತ್ ಬಿಲ್ಲು ಬರುತ್ತದೆ. ಅದರಲ್ಲಿ ಕೊನೆಯ ಸಾಲಿನ ಮೊತ್ತವನ್ನು ಮಾತ್ರ ನೋಡುವವರೇ ಹೆಚ್ಚು. ಮೊತ್ತ ಏರಿದ್ದರೆ ಜೆಸ್ಕಾಂ ಶಾಖಾ ಕಚೇರಿಗೆ ಹೋಗಿ ಅಸಮಾಧಾನ ತೋಡಿಕೊಳ್ಳುತ್ತಾರೆ. ಅಲ್ಲಿನ ಅಧಿಕಾರಿ ದರ ತಮ್ಮ ಕೈಯಲ್ಲಿಲ್ಲ ಎನ್ನುತ್ತಾರೆ. ಆ ಮಾತು ನುಣುಚಿಕೊಳ್ಳುವ ಮಾತಲ್ಲ, ವಾಸ್ತವ. ದರ ಯಾರ ಕೈಯಲ್ಲಿದೆ ಎಂಬುದನ್ನು ಉದ್ಯಮಿಗಳು ತಿಳಿದುಕೊಳ್ಳದಿರುವುದೇ ಅವರ ಆಕ್ಷೇಪಗಳು ಫಲಿಸದಿರಲು ಮುಖ್ಯ ಕಾರಣ.

2023ರ ಅನುಭವ ಇದಕ್ಕೆ ಉತ್ತಮ ನಿದರ್ಶನ. ಆ ವರ್ಷ ಮೇ 12ರಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಕೆಯನ್ನು ಏಪ್ರಿಲ್ 1ರಿಂದಲೇ ಅನ್ವಯವಾಗುವಂತೆ ಪ್ರಕಟಿಸಿತು. ಜೂನ್ ತಿಂಗಳ ಬಿಲ್ಲು ಕಂಡು ಉದ್ಯಮಿಗಳು ಕಂಗಾಲಾದರು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯ ಕರೆಯಂತೆ ಜೂನ್ 22ರಂದು ಬಂದ್ ಆಚರಿಸಲಾಯಿತು. ಸಿಟ್ಟು ನ್ಯಾಯಯುತವಾಗಿತ್ತು. ಆದರೆ ಆ ಆದೇಶಕ್ಕೆ ಮೂಲವಾದ ಅರ್ಜಿಗಳು ತಿಂಗಳುಗಳ ಹಿಂದೆಯೇ ಸಲ್ಲಿಕೆಯಾಗಿದ್ದವು. ಸಾರ್ವಜನಿಕ ವಿಚಾರಣೆಯೂ ಮುಗಿದಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಕಾಯ್ದೆ ದೆಹಲಿಯದು, ದರ ಬೆಂಗಳೂರಿನದು

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಿದ್ಯುತ್ತು ಸಮವರ್ತಿ ಪಟ್ಟಿಯ 38ನೇ ವಿಷಯ. ಅಂದರೆ ಕೇಂದ್ರಕ್ಕೂ ರಾಜ್ಯಕ್ಕೂ ಶಾಸನಾಧಿಕಾರವಿದೆ. 1910, 1948 ಮತ್ತು 1998ರ ಕಾಯ್ದೆಗಳ ಸ್ಥಾನದಲ್ಲಿ ಸಂಸತ್ತು ತಂದ ವಿದ್ಯುಚ್ಛಕ್ತಿ ಕಾಯ್ದೆ, 2003ರ ಜೂನ್ 10ರಿಂದ ಜಾರಿಯಲ್ಲಿದೆ. ಕೇಂದ್ರದ ಉತ್ಪಾದನಾ ಕೇಂದ್ರಗಳ ದರ ಹಾಗೂ ಅಂತರರಾಜ್ಯ ಪ್ರಸರಣದ ದರವನ್ನು ಕೇಂದ್ರ ಆಯೋಗ ನಿಗದಿಪಡಿಸುತ್ತದೆ. ಗ್ರಾಹಕರಿಗೆ ಮಾರುವ ದರವನ್ನು ನಿಗದಿಪಡಿಸುವುದು ರಾಜ್ಯ ಆಯೋಗ. ಜೆಸ್ಕಾಂ ಬರಿಯ ಅರ್ಜಿದಾರ.

ಬೀದರ್ ಜಿಲ್ಲೆಯ ಉದ್ಯಮಿಗಳಿಗೆ ಈ ವ್ಯವಸ್ಥೆ ಉಳಿದವರಿಗಿಂತ ಹೆಚ್ಚು ಮುಖ್ಯ. ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ತೆಲಂಗಾಣದ ಜಹೀರಾಬಾದ್, ಪಶ್ಚಿಮಕ್ಕೆ ಹೋದರೆ ಮಹಾರಾಷ್ಟ್ರದ ಉಮರ್ಗಾ. ಲಾತೂರಿನ ಬೇಳೆ ಗಿರಣಿಗಳೂ ದೂರವಿಲ್ಲ. ತೊಗರಿ ಕೊಳ್ಳುವಲ್ಲಿ, ಬೇಳೆ ಮಾರುವಲ್ಲಿ ಇವರೆಲ್ಲ ಪರಸ್ಪರ ಸ್ಪರ್ಧಿಗಳು. ಕಾಯ್ದೆ ಒಂದೇ, ಆಯೋಗಗಳು ಮೂರು, ದರಗಳೂ ಮೂರು. ಗಡಿಯಾಚೆಯ ಗಿರಣಿಗೆ ದೊರೆಯುವ ದರದೊಂದಿಗೆ ಹೋಲಿಸಿ ವಾದಿಸಬಲ್ಲ ದಾಖಲೆ ಈ ಭಾಗದ ಉದ್ಯಮಿಗಳ ಬಳಿ ಸಹಜವಾಗಿಯೇ ಇದೆ. ಅದನ್ನು ಆಯೋಗದ ಮುಂದೆ ಇಡುವವರು ಬೇಕು.

ಬಿಲ್ಲಿನ ಒಂದೊಂದು ಸಾಲು

ಬಿಲ್ಲಿನ ಪ್ರತಿ ಸಾಲಿಗೂ ಬೇರೆ ಬೇರೆ ಆಧಾರವಿದೆ. ಸ್ಥಿರ ಶುಲ್ಕ ಮತ್ತು ಯೂನಿಟ್ ದರ ರಾಜ್ಯ ಆಯೋಗದ ದರ ಆದೇಶದಿಂದ ಬರುತ್ತವೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಸಾಲಿನ ಹಿಂದೆ ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ನಿಯಮವಿದೆ. ಒಂದು ತಿಂಗಳಲ್ಲಿ ಏರಿದ ಖರೀದಿ ವೆಚ್ಚವನ್ನು ಅದರ ನಂತರದ ಎರಡನೆಯ ತಿಂಗಳ ಬಿಲ್ಲಿನಲ್ಲಿ ವಸೂಲು ಮಾಡುವ ಕ್ರಮವನ್ನು ಅದು ಸೂಚಿಸುತ್ತದೆ. ಕಲ್ಲಿದ್ದಲಿನ ಬೆಲೆಯೋ ರೈಲು ಸಾಗಣೆಯ ದರವೋ ಏರಿದರೆ ನಿರ್ಣಾದ ಗಿರಣಿಯೂ ಅದರ ಪಾಲನ್ನು ತೆರಬೇಕು.

ಪಿಂಚಣಿ ಮತ್ತು ಉಪದಾನದ ಅಧಿಭಾರ ಮತ್ತೊಂದು ಸಾಲು. ವಿದ್ಯುತ್ ನೌಕರರ ನಿವೃತ್ತಿ ವೇತನದ ಹೊರೆಯನ್ನು ಗ್ರಾಹಕರಿಂದ ಪಡೆಯಲು ಆಯೋಗ ಅನುಮತಿಸಿದ್ದರಿಂದ 2025ರ ಏಪ್ರಿಲ್ 1ರಿಂದ ಇದು ಸೇರಿತು. 2025-26ನೇ ಸಾಲಿಗೆ ಯೂನಿಟ್‌ಗೆ 36 ಪೈಸೆ. ತಿಂಗಳಿಗೆ 10,000 ಯೂನಿಟ್ ಬಳಸುವ ಘಟಕಕ್ಕೆ ಇದು ತಿಂಗಳಿಗೆ 3,600 ರೂಪಾಯಿ, ವರ್ಷಕ್ಕೆ 43,200 ರೂಪಾಯಿ. ಪೈಸೆಯ ಲೆಕ್ಕ ವಾರ್ಷಿಕ ಲೆಕ್ಕಪತ್ರದಲ್ಲಿ ಹೀಗೆ ಬೆಳೆಯುತ್ತದೆ.

ಇದರ ಮೇಲೆ 1959ರ ರಾಜ್ಯ ಕಾಯ್ದೆಯಂತೆ ವಿದ್ಯುತ್ ತೆರಿಗೆ. ಈ ತೆರಿಗೆ ರಾಜ್ಯ ಪಟ್ಟಿಗೆ ಸೇರಿದ್ದು. ವಿದ್ಯುತ್ತಿಗೆ ಜಿಎಸ್‌ಟಿ ಇಲ್ಲವಾದ್ದರಿಂದ ಈ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಕರೆಂಟು ಹೋದಾಗ ಜನರೇಟರಿಗೆ ಹಾಕುವ ಡೀಸೆಲ್ಲಿನ ಮೇಲಿನ ಮಾರಾಟ ತೆರಿಗೆಯ ಗತಿಯೂ ಅದೇ. ಎರಡೂ ಉತ್ಪಾದನಾ ವೆಚ್ಚಕ್ಕೆ ನೇರವಾಗಿ ಸೇರುತ್ತವೆ.

ಅಳಿಸಿಹೋದ ಒಂದು ಪದ

ಉದ್ಯಮಗಳಿಂದ ಹೆಚ್ಚು ಪಡೆದು ಇತರ ವರ್ಗಗಳಿಗೆ ಕಡಿಮೆ ದರದಲ್ಲಿ ಕೊಡುವುದಕ್ಕೆ ಅಡ್ಡ ಸಹಾಯಧನ ಎನ್ನುತ್ತಾರೆ. 2003ರ ಕಾಯ್ದೆಯ 61ನೇ ಕಲಮು ಮೊದಲು ಇದನ್ನು ತಗ್ಗಿಸಿ ನಿರ್ಮೂಲಗೊಳಿಸಬೇಕು ಎಂದಿತ್ತು. 2007ರ ತಿದ್ದುಪಡಿಯಲ್ಲಿ ‘ನಿರ್ಮೂಲ’ ಬಿಟ್ಟುಹೋಗಿ ‘ತಗ್ಗಿಸುವುದು’ ಮಾತ್ರ ಉಳಿಯಿತು. 2016ರ ರಾಷ್ಟ್ರೀಯ ದರ ನೀತಿಯು ದರಗಳು ಸರಾಸರಿ ಪೂರೈಕೆ ವೆಚ್ಚದ ಶೇ. 20ರ ಆಸುಪಾಸಿನಲ್ಲಿರಬೇಕು ಎನ್ನುತ್ತದೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯವು ಸಾರ್ವಜನಿಕ ಅಭಿಪ್ರಾಯಕ್ಕಾಗಿ ಪ್ರಕಟಿಸಿದ ತಿದ್ದುಪಡಿ ಕರಡಿನಲ್ಲಿ, ತಯಾರಿಕಾ ಉದ್ಯಮಗಳ ಮೇಲಿನ ಈ ಹೊರೆಯನ್ನು ಐದು ವರ್ಷಗಳಲ್ಲಿ ತೆಗೆಯುವ ಪ್ರಸ್ತಾಪವಿತ್ತು.

ರೈತರಿಗೆ ಅಗ್ಗದ ವಿದ್ಯುತ್ತು ಬೇಡವೆಂದು ಈ ಭಾಗದ ಯಾವ ವ್ಯಾಪಾರಿಯೂ ಹೇಳಲಾರ. ರೈತನ ತೊಗರಿ, ಸೋಯಾ, ಕಬ್ಬಿನಿಂದಲೇ ಇಲ್ಲಿನ ಮಾರುಕಟ್ಟೆ ನಡೆಯುತ್ತದೆ. ಪ್ರಶ್ನೆ ಇರುವುದು ಆ ಹಣವನ್ನು ಯಾರು ಕೊಡಬೇಕು ಎಂಬುದರಲ್ಲಿ. ರಾಜ್ಯ ಸರಕಾರ ರಿಯಾಯಿತಿ ಕೊಡಬಯಸಿದರೆ ಅದರ ಮೊತ್ತವನ್ನು ಮುಂಗಡವಾಗಿ ಪಾವತಿಸಬೇಕೆಂದು ಕಾಯ್ದೆಯ 65ನೇ ಕಲಮೇ ಹೇಳುತ್ತದೆ. ಬೊಕ್ಕಸದಿಂದ ಬರಬೇಕಾದದ್ದು ಸಣ್ಣ ಕಾರ್ಖಾನೆಯ ಬಿಲ್ಲಿನಿಂದ ಬರಬಾರದು.

ಆಕ್ಷೇಪಕ್ಕೆ ಇರುವ ದಾರಿ

64ನೇ ಕಲಮಿನಂತೆ ವಿತರಣಾ ಕಂಪನಿ ದರ ಅರ್ಜಿಯ ಸಾರಾಂಶವನ್ನು ಪ್ರಕಟಿಸಲೇಬೇಕು. ಸಾರ್ವಜನಿಕರ ಸಲಹೆ, ಆಕ್ಷೇಪಗಳನ್ನು ಪರಿಶೀಲಿಸಿದ ಮೇಲೆಯೇ ಆಯೋಗ 120 ದಿನಗಳೊಳಗೆ ಆದೇಶ ನೀಡಬೇಕು. ಜೆಸ್ಕಾಂ ಅರ್ಜಿಯ ವಿಚಾರಣೆ ಸಾಮಾನ್ಯವಾಗಿ ಕಲಬುರಗಿಯಲ್ಲೇ ನಡೆಯುತ್ತದೆ. ಆದೇಶ ಒಪ್ಪಿಗೆಯಾಗದಿದ್ದರೆ 45 ದಿನಗಳೊಳಗೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೆ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಬಿಲ್ಲಿನ ತಪ್ಪು, ಮೀಟರ್ ದೋಷಗಳಂಥ ದೂರುಗಳಿಗೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ.

ಹಳೆಯ ಬಾಕಿಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಎರಡು ವರ್ಷ ಮೀರಿದ ಬಾಕಿಯ ವಸೂಲಿಗೆ 56ನೇ ಕಲಮು ಮಿತಿ ಹಾಕಿದೆ. ಆದರೆ ಕಂಪನಿ ತನ್ನ ತಪ್ಪನ್ನು ಸರಿಪಡಿಸಿ ಅವಧಿ ಮೀರಿದ ಮೇಲೆಯೂ ಹೆಚ್ಚುವರಿ ಬೇಡಿಕೆ ಕಳುಹಿಸಬಹುದು, ಅದಕ್ಕಾಗಿ ಸಂಪರ್ಕ ಕಡಿಯುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ಹಳೆಯ ಬಿಲ್ಲುಗಳನ್ನು ರದ್ದಿಗೆ ಹಾಕುವುದು ವಿವೇಕವಲ್ಲ.

ಕೇಂದ್ರದ ನಿಯಮಗಳಲ್ಲಿ ಸಣ್ಣವರಿಗೆ ಅನುಕೂಲವಾದವೂ ಇವೆ. 2023ರ ತಿದ್ದುಪಡಿಯಂತೆ 10 ಕಿಲೋವ್ಯಾಟ್ ಮೀರಿದ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ಬಿಸಿಲಿನ ಅವಧಿಯ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ಹಗಲು ಪಾಳಿಯ ಗಿರಣಿಗೆ ಇದು ಸಣ್ಣ ಲಾಭವಲ್ಲ. ರಾಜ್ಯದ ದರ ಆದೇಶದಲ್ಲಿ ತಮ್ಮ ವರ್ಗಕ್ಕೆ ಇದು ಹೇಗೆ ಅನ್ವಯಿಸಿದೆ ಎಂದು ವಿಚಾರಣೆಯಲ್ಲಿ ಕೇಳಬೇಕು. ನವೀಕರಿಸಬಹುದಾದ ವಿದ್ಯುತ್ತನ್ನು ಹೊರಗಿನಿಂದ ಕೊಳ್ಳುವ ಮುಕ್ತ ಪ್ರವೇಶದ ಮಿತಿಯನ್ನು 2022ರಲ್ಲಿ 100 ಕಿಲೋವ್ಯಾಟ್‌ಗೆ ಇಳಿಸಲಾಯಿತು. ಒಂದೇ ವಿದ್ಯುತ್ ವಿಭಾಗದಲ್ಲಿರುವ ಒಬ್ಬರ ಹಲವು ಸಂಪರ್ಕಗಳನ್ನು ಕೂಡಿಸಿ ಈ ಮಿತಿ ತಲುಪಲು 2023ರಿಂದ ಅವಕಾಶವಿದೆ.

ಸಂಘ ಮಾಡಬೇಕಾದದ್ದು

ಒಬ್ಬ ಗಿರಣಿ ಮಾಲೀಕ ಕೆಲಸ ಬಿಟ್ಟು ನೂರಾರು ಪುಟಗಳ ಇಂಗ್ಲಿಷ್ ಅರ್ಜಿಯನ್ನು ಓದಿ ಕಲಬುರಗಿಗೆ ಹೋಗಲಾರ ಎಂಬ ಮಾತಿನಲ್ಲಿ ಸತ್ಯವಿದೆ. ಸಂಘಗಳು ಇರುವುದು ಅದಕ್ಕಾಗಿಯೇ. ಪ್ರತಿ ಸಂಘದಲ್ಲೂ ಮೂರು ನಾಲ್ಕು ಜನರ ಇಂಧನ ಉಪಸಮಿತಿ ಇರಬೇಕು. ಸದಸ್ಯರು ಹನ್ನೆರಡು ತಿಂಗಳ ಬಿಲ್ಲುಗಳನ್ನು ಸಾಲುವಾರು ವಿಂಗಡಿಸಿ ಸಮಿತಿಗೆ ಕೊಡಬೇಕು. ಮಂಜೂರಾದ ಲೋಡ್ ಎಷ್ಟು, ವಾಸ್ತವ ಬಳಕೆ ಎಷ್ಟು, ಕರೆಂಟು ಇಲ್ಲದೆ ಕೆಲಸ ನಿಂತ ಗಂಟೆಗಳೆಷ್ಟು ಎಂಬುದೂ ಅದರಲ್ಲಿರಬೇಕು. ತೊಗರಿ ಹಂಗಾಮಿನಲ್ಲಿ ಮಾತ್ರ ಪೂರ್ಣ ನಡೆಯುವ ಗಿರಣಿಯವರು ದರ ಆದೇಶದಲ್ಲಿರುವ ಹಂಗಾಮಿ ಕೈಗಾರಿಕೆಗಳ ಷರತ್ತುಗಳು ತಮಗೆ ಅನ್ವಯಿಸುತ್ತವೆಯೇ ಎಂದು ಮೊದಲು ಪರಿಶೀಲಿಸಬೇಕು. ಬೇಡದ ಲೋಡಿಗೆ ವರ್ಷವಿಡೀ ಸ್ಥಿರ ಶುಲ್ಕ ತೆತ್ತು ದರವನ್ನು ದೂರಿದರೆ ಪ್ರಯೋಜನವಿಲ್ಲ.

ಇಂಥ ಐವತ್ತು ಘಟಕಗಳ ಅಂಕಿ ಅಂಶಗಳೊಂದಿಗೆ ಜಹೀರಾಬಾದ್ ಮತ್ತು ಲಾತೂರಿನ ದರಗಳ ಹೋಲಿಕೆಯನ್ನು ಸೇರಿಸಿ, ಗಡುವಿನೊಳಗೆ ಲಿಖಿತ ಆಕ್ಷೇಪ ಸಲ್ಲಿಸಿದರೆ ಆಯೋಗ ತನ್ನ ಆದೇಶದಲ್ಲಿ ಅದನ್ನು ಪರಿಗಣಿಸಬೇಕಾಗುತ್ತದೆ. ಮುಂದಿನ ದರ ಅರ್ಜಿಯ ಪ್ರಕಟಣೆ ಪತ್ರಿಕೆಯಲ್ಲಿ ಕಾಣಿಸುವ ಹೊತ್ತಿಗೆ ಈ ಕಡತ ಸಿದ್ಧವಿರಬೇಕು. ಬಿಲ್ಲುಗಳನ್ನು ವಿಂಗಡಿಸುವ ಕೆಲಸವನ್ನು ಸದಸ್ಯರು ಈ ತಿಂಗಳಿನಿಂದಲೇ ಆರಂಭಿಸುವುದು ಒಳಿತು.