ಬಯಲಾಟದ ವೇಷವೂ ಪ್ಯಾರಿಸಿನ ದೃಷ್ಟಾಂತವೂ

ಬಯಲಾಟವನ್ನು ಸುಧಾರಿಸಬೇಕೆಂಬ ಮಾತು ನಮ್ಮ ಸಂಡೂರು ಸೀಮೆಯಲ್ಲಿ ಈಚೆಗೆ ಬಹಳವಾಗಿ ಕೇಳಿಬರುತ್ತಿದೆ. ಸುಧಾರಣೆಯೇ ಬೇಡವೆನ್ನುವವನು ನಾನಲ್ಲ. ಆದರೆ ಸುಧಾರಕರು ಮುಂದಿಡುತ್ತಿರುವ ದೃಷ್ಟಾಂತವೊಂದು ವಿಚಾರಕ್ಕೆ ನಿಲ್ಲತಕ್ಕದ್ದಲ್ಲವೆಂಬುದನ್ನು ವಾಚಕ ಮಹಾಶಯರಲ್ಲಿ ನಿವೇದಿಸುವುದು ಅವಶ್ಯವೆಂದು ತೋರಿದೆ. ಅವರ ಪೂರ್ವಪಕ್ಷವು ಹೀಗಿದೆ: ಹದಿನೆಂಟನೆಯ ಶತಮಾನದಲ್ಲಿ ಯುರೋಪಿನ ನರ್ತಕರು ಮುಖವಾಡವನ್ನು ಕಿತ್ತೆಸೆದರು, ಭಾರವಾದ ಉಡುಪನ್ನು ಕಳಚಿದರು, ಆ ಬಳಿಕವೇ ಅವರ ಬ್ಯಾಲೆಯು ನಿಜವಾದ ಕಲೆಯಾಯಿತು, ನಾವಾದರೋ ಇಂದಿಗೂ ಮರದ ಭುಜಕೀರ್ತಿಯನ್ನೂ ಕಿರೀಟವನ್ನೂ ಹೊತ್ತು ಕುಣಿಯುತ್ತಿದ್ದೇವೆ, ಇವನ್ನು ಬಿಟ್ಟು ಕಾಲಕ್ಕೆ ತಕ್ಕ ಹೊಳಪಿನ ಉಡುಪನ್ನು ತೊಡಬೇಕು. ಕೇಳುವುದಕ್ಕೆ ಸೊಗಸಾಗಿದೆ. ತರ್ಕದ ಪಾಠವನ್ನು ನಾಲ್ಕು ದಿನ ಕೇಳಿದವನಿಗೂ ಇದರ ದೋಷ ಕಾಣದೆ ಇರದು.

ಮೊದಲು ಆ ದೃಷ್ಟಾಂತವನ್ನೇ ಪರೀಕ್ಷಿಸೋಣ. ಬ್ಯಾಲೆಯೆಂಬ ನೃತ್ಯರೂಪಕವು ಫ್ರಾನ್ಸಿನಲ್ಲಿ ಬೆಳೆದದ್ದು ಅರಮನೆಯೊಳಗೆ. ಹದಿನಾಲ್ಕನೆಯ ಲೂಯಿ ದೊರೆಯು 1653ರಲ್ಲಿ ತಾನೇ ಸೂರ್ಯನ ವೇಷವನ್ನು ತೊಟ್ಟು ಕುಣಿದವನು. 1661ರಲ್ಲಿ ನೃತ್ಯಕ್ಕೆಂದೇ ಒಂದು ಅಕಾಡೆಮಿಯನ್ನು ಸ್ಥಾಪಿಸಿದವನು. ಆದುದರಿಂದ ಆಸ್ಥಾನದ ಷೋಕಿಯೇ ರಂಗದ ವೇಷವಾಯಿತು. ಕಥೆಯೇನೋ ಗ್ರೀಸು ದೇಶದ ದೇವತೆಗಳದು. ಆದರೆ ಮುಂದಿನ ಶತಮಾನದ ರಂಗದ ಮೇಲೆ ಆ ದೇವಿಯರು ಬಂದು ನಿಲ್ಲುತ್ತಿದ್ದುದು ವರ್ಸೇಯ ಅರಮನೆಯ ಹೆಂಗಸರಂತೆಯೇ. ಒಳಗೆ ಬಳೆಗಳನ್ನು ಕಟ್ಟಿ ಸೊಂಟದ ಎರಡು ಮಗ್ಗುಲಿಗೂ ಉಬ್ಬಿಸಿದ ಲಂಗ. ತಲೆಯ ಮೇಲೆ ಬಿಳಿಯ ಹುಡಿ ಉದುರಿಸಿದ ಕೇಶರಚನೆ. ಆ ಲಂಗವನ್ನುಟ್ಟವಳು ಬಾಗಿಲಲ್ಲಿ ಅಡ್ಡ ತಿರುಗಿ ನುಸುಳಬೇಕಾಗುತ್ತಿತ್ತೆಂದ ಮೇಲೆ ಕುಣಿತದ ಪಾಡನ್ನು ಹೇಳುವುದೇನು? ಗಂಡಸರಿಗೂ ಬಿರುಸಾದ ಒಂದು ಗಿಡ್ಡ ಲಂಗ, ಮುಖಕ್ಕೆ ಮುಖವಾಡ. ಆ ಉಡುಪು ಪಾತ್ರವನ್ನು ತಿಳಿಸುತ್ತಿರಲಿಲ್ಲ, ಪ್ರಭುಗಳ ಐಶ್ವರ್ಯವನ್ನು ಸಾರುತ್ತಿತ್ತು.

ಇದನ್ನು ಮೊದಲು ಮುರಿದವಳು ಮಾರಿ ಸಾಲೆ ಎಂಬ ನರ್ತಕಿ. 1734ರಲ್ಲಿ ಆಕೆ ಲಂಡನ್ ನಗರದಲ್ಲಿ ಪಿಗ್ಮೇಲಿಯನ್ ಎಂಬ ಶಿಲ್ಪಿಯ ಕಥೆಯನ್ನು ಅಭಿನಯಿಸುವಾಗ ಉಬ್ಬುಲಂಗವನ್ನು ಬಿಟ್ಟು, ಕೂದಲನ್ನು ಇಳಿಬಿಟ್ಟು, ಗ್ರೀಕರ ಶಿಲಾಪ್ರತಿಮೆಯಂತೆ ತೆಳುವಾದ ಮಸ್ಲಿನ್ ಬಟ್ಟೆಯನ್ನು ಹೊದ್ದು ರಂಗಕ್ಕೆ ಬಂದಳು. ಆಕೆಯ ಸಮಕಾಲೀನಳಾದ ಕಮಾರ್ಗೊ ಎಂಬವಳು ಲಂಗದ ಅಂಚನ್ನು ಮೇಲಕ್ಕೆ ಸರಿಸಿ ತನ್ನ ಪಾದಗಳ ಚಮತ್ಕಾರ ಕಾಣುವಂತೆ ಮಾಡಿದಳು. ನೊವೆರ್ ಎಂಬ ನೃತ್ಯಾಚಾರ್ಯನು ಮುಖವಾಡವನ್ನೂ ಉಬ್ಬುಲಂಗವನ್ನೂ ಖಂಡಿಸಿ ಪತ್ರರೂಪದ ಗ್ರಂಥವನ್ನು ಪ್ರಕಟಿಸಿದ್ದು 1760ರಲ್ಲಿ, ಸಾಲೆಯ ಸಾಹಸವಾದ ಇಪ್ಪತ್ತಾರು ವರ್ಷಗಳ ಮೇಲೆ. ಹೆಣ್ಣು ಮಾಡಿ ತೋರಿಸಿದ್ದನ್ನು ಗಂಡು ಬರೆದಿಟ್ಟ; ಕೀರ್ತಿಯ ದೊಡ್ಡ ಪಾಲು ಬರೆದವನಿಗೆ ಹೋಯಿತು. ಇರಲಿ. 1770ರ ದಶಕದ ಆರಂಭದಲ್ಲಿ ಪ್ಯಾರಿಸಿನ ರಂಗದ ಮೇಲೆ ಗಾರ್ಡೆಲ್ ಎಂಬ ನರ್ತಕನು ಮುಖವಾಡವಿಲ್ಲದೆ ಬಂದದ್ದಕ್ಕಾದರೂ ಶಾಸ್ತ್ರವಿಚಾರವು ಕಾರಣವಲ್ಲ. ತನ್ನನ್ನು ನೋಡಿ ವೆಸ್ತ್ರಿಸ್ ಎಂಬ ಪ್ರತಿಸ್ಪರ್ಧಿಯೆಂದು ಜನರು ಭ್ರಮಿಸಬಾರದೆಂಬುದೇ ಅವನ ಹಟವಾಗಿತ್ತು!

ಹಾಗಾದರೆ ಅವರು ಕಳಚಿದ್ದು ಯಾವುದನ್ನು? ತಮ್ಮ ಕಾಲದ ಷೋಕಿಯನ್ನು. ಸಾಲೆ ಆಶ್ರಯಿಸಿದ್ದು ಯಾವುದನ್ನು? ಶಿಲ್ಪವನ್ನು. ನಮ್ಮ ಸುಧಾರಕರು ಕಳಚಹೇಳುವುದು ಶಿಲ್ಪದ ವೇಷವನ್ನು. ತೊಡಹೇಳುವುದು ಇಂದಿನ ಷೋಕಿಯನ್ನು. ದೃಷ್ಟಾಂತವು ಪ್ರತಿಜ್ಞೆಗೆ ಹೀಗೆ ನೇರವಾಗಿ ವಿರುದ್ಧವಾಗಿರುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಬಯಲಾಟದ ವೇಷವು ಶಿಲ್ಪದ ವೇಷವೆಂಬುದಕ್ಕೆ ಪ್ರಮಾಣವೇನೆಂದು ಕೇಳಬಹುದು. ಬಂಡ್ರಿಯಿಂದ ಸಂಡೂರು ಹೊಸಪೇಟೆಗಳನ್ನು ದಾಟಿ ಹಂಪಿಗೆ ಹೋಗಿ ನೋಡಬಹುದು. ವಿಜಯನಗರದ ಅರಸರು ತಲೆಗೆ ಧರಿಸುತ್ತಿದ್ದುದು ಕುಲ್ಲಾಯಿಯೆಂಬ ಉದ್ದನೆಯ ಟೋಪಿ. ತಿರುಮಲೆಯಲ್ಲಿ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತಿರುವ ಕೃಷ್ಣದೇವರಾಯನ ಲೋಹಪ್ರತಿಮೆಯ ತಲೆಯ ಮೇಲೆ ಇಂದಿಗೂ ಅದೇ ಇದೆ. ಅದು ಆ ಕಾಲದ ಆಸ್ಥಾನದ ಷೋಕಿ. ಆದರೆ ಅದೇ ಅರಸರ ಹಜಾರರಾಮನ ಗುಡಿಯ ಗೋಡೆಗಳ ಮೇಲೆ ರಾಮಾಯಣವನ್ನು ಕಡೆದ ಶಿಲ್ಪಿಯು ದಶರಥನಿಗೆ ಕುಲ್ಲಾಯಿಯನ್ನು ತೊಡಿಸಲಿಲ್ಲ, ಕಿರೀಟವನ್ನೇ ಇಟ್ಟನು. ಪ್ಯಾರಿಸಿನವರು ತಿಳಿಯದೆ ಹೋದ ವಿವೇಕವನ್ನು ನಮ್ಮ ಕಲ್ಲುಕುಟಿಗನು ಶತಮಾನಗಳ ಮೊದಲೇ ತಿಳಿದಿದ್ದನು: ಪುರಾಣಪುರುಷನಿಗೆ ಪೇಟೆಯ ಉಡುಪು ಸಲ್ಲದು. ನಮ್ಮ ದೊಡ್ಡಾಟದ ಅರ್ಜುನನು ಅಟ್ಟವನ್ನೇರುವುದು ಆ ಕಿರೀಟದಿಂದಲೇ.

1520ರ ಸುಮಾರಿಗೆ ಹಂಪಿಯನ್ನು ಕಂಡ ಪೋರ್ಚುಗೀಸಿನವನಾದ ಡೊಮಿಂಗೊ ಪಾಯೆಸನು ಇನ್ನೊಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಅರಮನೆಯ ನೃತ್ಯಶಾಲೆಯ ಕೆತ್ತನೆಯ ಹಲಗೆಗಳಲ್ಲಿ ಪ್ರತಿಯೊಂದು ನೃತ್ಯದ ಕೊನೆಯ ಭಂಗಿಯನ್ನು ತೋರಿಸಿದ್ದರಂತೆ. ಕಲಿಯುವವಳು ಮರೆತರೆ ಹಲಗೆಯನ್ನು ನೋಡಿ ಸರಿಪಡಿಸಿಕೊಳ್ಳಬೇಕು. ಶಿಲ್ಪವೇ ಗುರುವಾಗಿದ್ದ ನಾಡಿದು.

ಇನ್ನು ಭಾರದ ಆಕ್ಷೇಪ. ಭಾರವಾದ ಆಭರಣಗಳು ನಟನನ್ನು ಬಳಲಿಸುತ್ತವೆ, ಮೂರ್ಛೆಗೂ ಕಾರಣವಾಗಬಹುದು, ಆದುದರಿಂದ ಅರಗು ಮೊದಲಾದ ಹಗುರ ವಸ್ತುಗಳಿಂದ ಅವನ್ನು ಮಾಡತಕ್ಕದ್ದೆಂದು ನಾಟ್ಯಶಾಸ್ತ್ರದ ಆಹಾರ್ಯಾಭಿನಯದ ಅಧ್ಯಾಯವು ವಿಧಿಸುತ್ತದೆ. ನೊವೆರನಿಗಾಗಿ ನಾವು ಕಾಯಬೇಕಾಗಿರಲಿಲ್ಲ. ನಮ್ಮ ಬಡಿಗನು ಹಗುರವಾದ ಮರವನ್ನು ಆರಿಸಿ ಭುಜಕೀರ್ತಿಯನ್ನು ಕೆತ್ತಿ, ಚಿತ್ರಗಾರನು ಅದಕ್ಕೆ ಬೇಗಡೆಯನ್ನೂ ಕನ್ನಡಿಯ ಚೂರುಗಳನ್ನೂ ಕೂಡಿಸಿದ್ದು ಅದೇ ನ್ಯಾಯದಿಂದ. ಭುಜಕೀರ್ತಿಯು ಹೆಗಲನ್ನು ಅಗಲಿಸುತ್ತದೆ, ಕಿರೀಟವು ಆಳನ್ನು ಎತ್ತರಿಸುತ್ತದೆ. ಬಯಲಿನ ಕಡೆಯ ಸಾಲಿನಲ್ಲಿ ಕುಳಿತವನಿಗೂ ಬಂದವನು ರಾಜನೆಂಬುದು ಅವನು ಬಾಯಿ ತೆರೆಯುವ ಮೊದಲೇ ತಿಳಿಯುತ್ತದೆ. ದೀವಟಿಗೆಯ ಅಲುಗುವ ಬೆಳಕಿನಲ್ಲಿ ಆ ಕನ್ನಡಿಯ ಚೂರುಗಳು ಹೆಜ್ಜೆಹೆಜ್ಜೆಗೂ ಮಿಂಚಿ ಮಾಯವಾಗುತ್ತಿದ್ದುವು. ಮದ್ದಳೆಯ ಪೆಟ್ಟು ಕಿವಿಗೆ ಹೇಗೋ ಹಾಗೆ ಆ ಮಿಂಚು ಕಣ್ಣಿಗೆ ತಾಳವಾಗಿತ್ತು. ಈಗ ಕಣ್ಣು ಕುಕ್ಕುವ ವಿದ್ಯುದ್ದೀಪವನ್ನು ನೆತ್ತಿಯ ಮೇಲೆ ನೇತುಹಾಕಿ, ಹಳೆಯ ವೇಷವು ಮಂಕಾಗಿ ಕಾಣುತ್ತದೆಂದು ದೂರುತ್ತಾರೆ. ಮಂಕಾದದ್ದು ವೇಷದ ದೋಷವೋ, ದೀಪ ಕಟ್ಟಿದವನ ದೋಷವೋ?

ಭಾರದ ಮಾತಿಗೆ ಬದಲಾಗಿ ಅವರು ತರುತ್ತಿರುವುದಾದರೂ ಏನು? ಮೊದಲು ನಾಟಕ ಕಂಪೆನಿಗಳ ಮಕಮಲ್ಲಿನ ಅಂಗಿ ಬಂದಿತು. 1987ರಲ್ಲಿ ದೂರದರ್ಶನದ ರಾಮಾಯಣವೂ ಮರುವರ್ಷ ಮಹಾಭಾರತವೂ ಮನೆಮನೆಯನ್ನು ಹೊಕ್ಕ ಮೇಲೆ ಅಲ್ಲಿಯ ಕಿರೀಟಗಳ ಅನುಕರಣ ಬಂದಿತು. ಈಗ ಬಾಡಿಗೆಯ ಅಂಗಡಿಯಿಂದ ಚಮಕಿ ಹೊಲಿದ ನಿಲುವಂಗಿ ಗಂಟಿನಲ್ಲಿ ಬರುತ್ತದೆ. ಬೇಸಗೆಯ ರಾತ್ರಿಯಲ್ಲಿ ಮೈಗೆ ಗಾಳಿ ಸೋಕಗೊಡದ ಮಕಮಲ್ಲು ಹಗುರವಂತೆ! ಅದನ್ನು ತೊಟ್ಟವನಿಗೆ ಮಂಡಿ ಬಗ್ಗಿಸಿ ವೀರಹೆಜ್ಜೆ ಹಾಕಲು ಆಗದು. ಆದುದರಿಂದ ಅವನು ನಿಂತೇ ಮಾತಾಡುತ್ತಾನೆ. ಕುಣಿತವು ಬೇಡವಾಯಿತು, ಕಲಿಸುವವನೂ ಬೇಡವಾದನು. ನನ್ನ ಭಯವಿರುವುದು ಇಲ್ಲಿ. ಉಬ್ಬುಲಂಗವು ಪ್ಯಾರಿಸಿನ ಹೆಜ್ಜೆಗೆ ಮಾಡಿದ ಅಪಚಾರವನ್ನೇ ಈ ನಿಲುವಂಗಿಯು ದೊಡ್ಡಾಟದ ಹೆಜ್ಜೆಗೆ ಮಾಡುತ್ತಿದೆ.

ಶಿವರಾಮ ಕಾರಂತರನ್ನು ಹೆಸರಿಸಿ ನಮ್ಮನ್ನು ಬಾಯಿಮುಚ್ಚಿಸಲು ಯತ್ನಿಸುವವರುಂಟು. ಕಾರಂತರು ಯಕ್ಷಗಾನದಿಂದ ಮಾತನ್ನೇ ತೆಗೆದು ಬ್ಯಾಲೆಯನ್ನು ಕಟ್ಟಿದರು, ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದರು, ನಿಜ. ಅಷ್ಟು ಧೈರ್ಯಶಾಲಿಗಳಾದ ಅವರೂ ಹಳೆಯ ವೇಷದ ಬಣ್ಣ ಕಟ್ಟುಗಳನ್ನು ಹುಡುಕಿ ಉಳಿಸಿದರೇ ಹೊರತು ಕಂಪೆನಿ ನಾಟಕದ ಉಡುಪನ್ನು ತರಲಿಲ್ಲ.

ಸುಗ್ಗಿ ಮುಗಿದೊಡನೆ ಊರೂರಲ್ಲಿ ಆಟಕ್ಕೆ ಹಣ ಕೂಡಿಸುವರಷ್ಟೆ. ಬಾಡಿಗೆಯ ಅಂಗಡಿಗೆ ಒಂದು ರಾತ್ರಿಗೆಂದು ಕೊಡುವ ಹಣವನ್ನು ಈ ಸಲ ಬಡಿಗನಿಗೂ ಚಿತ್ರಗಾರನಿಗೂ ಕೊಟ್ಟು, ರಾಜವೇಷಕ್ಕೆ ಒಂದು ಜೊತೆ ಭುಜಕೀರ್ತಿ, ಒಂದು ಕಿರೀಟ, ಒಂದು ಎದೆಕಟ್ಟು ಮಾಡಿಸಿರೆಂದು ಹಿರಿಯರನ್ನು ಕೇಳಿಕೊಳ್ಳುತ್ತೇನೆ. ಅವುಗಳನ್ನು ತೂಗಿಯೇ ನೋಡಲಿ. ಒಂದು ತಟ್ಟೆಯಲ್ಲಿ ಅವು, ಇನ್ನೊಂದರಲ್ಲಿ ಅಂಗಡಿಯ ಮಕಮಲ್ಲಿನ ಗಂಟು. ತಕ್ಕಡಿ ಹಿಡಿಯುವ ಕೆಲಸ ಸುಧಾರಕರದೇ ಆಗಲಿ.