ಕಾಯುವ ವಿಜ್ಞಾನಕ್ಕೂ ಹಣ ಕೊಡಿ

ತಿಂಗಳಿಗೆ ಸುಮಾರು ಎರಡು ಸಂಕೇತ. ಇಟಲಿಯ ಗ್ರಾನ್ ಸಾಸ್ಸೊ ಬೆಟ್ಟದಡಿಯ ‘ಲೂನಾ’ ಪ್ರಯೋಗಕ್ಕೆ ಒಂದು ಹಂತದಲ್ಲಿ ಸಿಕ್ಕಿದ್ದು ಅಷ್ಟೇ. ಕೋಲಾರದಲ್ಲಿ ಭೌತವಿಜ್ಞಾನ ಕಲಿಸುವ ನಾನು ಇದನ್ನು ಹೇಳಿದಾಗಲೆಲ್ಲ ಹುಡುಗರು ಕೇಳುತ್ತಾರೆ: ‘ಇಷ್ಟಕ್ಕೆ ಅಷ್ಟೊಂದು ಖರ್ಚು ಯಾಕೆ ಸರ್?’ ನ್ಯಾಯವಾದ ಪ್ರಶ್ನೆ. ಉತ್ತರ ಕೊಡಲೇಬೇಕು.

ಸೂರ್ಯನ ಒಡಲು ಒಂದೂವರೆ ಕೋಟಿ ಡಿಗ್ರಿ ಕಾದಿದ್ದರೂ ಅಲ್ಲಿ ನ್ಯೂಕ್ಲಿಯಸ್‌ಗಳು ಒಂದನ್ನೊಂದು ದೂಡುತ್ತವೆ. ಬೆಸೆದುಕೊಳ್ಳುವುದು ತೀರಾ ಅಪರೂಪ. ಅದೇ ಶಕ್ತಿಯಲ್ಲಿ ಆ ಕ್ರಿಯೆಯನ್ನು ನೆಲದ ಮೇಲೆ ಅಳೆಯುವುದೆಂದರೆ ಸಂತೆಯ ನಡುವೆ ಪಿಸುಮಾತಿಗೆ ಕಿವಿಗೊಟ್ಟಂತೆ. ವಿಶ್ವಕಿರಣಗಳ ಗದ್ದಲವೇ ಹೆಚ್ಚು. ಗ್ರಾನ್ ಸಾಸ್ಸೊದ 1,400 ಮೀಟರ್ ಬಂಡೆ ಆ ಕಿರಣಗಳಿಂದ ಹುಟ್ಟುವ ಮ್ಯೂಆನ್‌ಗಳನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಲೂನಾದ ಮೊದಲ ಪ್ರಯೋಗಕ್ಕೆ 50 ಸಾವಿರ ವೋಲ್ಟ್‌ನ ಪುಟ್ಟ ವೇಗವರ್ಧಕವೇ ಸಾಕಾಯಿತು.

ಸೂರ್ಯನಿಂದ ಬರಬೇಕಾದಷ್ಟು ನ್ಯೂಟ್ರಿನೊ ಎಂಬ ಕಣಗಳು ಆಗ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಹೀಲಿಯಂ-3 ನ್ಯೂಕ್ಲಿಯಸ್‌ಗಳ ಬೆಸುಗೆ ನಾವೆಣಿಸಿದ್ದಕ್ಕಿಂತ ಚುರುಕಾಗಿರುವುದರಿಂದ ಅವು ಕಡಿಮೆ ಹುಟ್ಟುತ್ತಿವೆಯೇ? ಇಲ್ಲ ಎಂದು ಲೂನಾ 1999ರಲ್ಲಿ ತೋರಿಸಿತು. ತಪ್ಪು ಸೂರ್ಯನ ಲೆಕ್ಕದಲ್ಲಲ್ಲ, ನ್ಯೂಟ್ರಿನೊಗಳ ನಡತೆಯಲ್ಲೇ ಗುಟ್ಟಿದೆ ಎಂಬ ಅನುಮಾನ ಬಲವಾಯಿತು. ಅವು ದಾರಿಯಲ್ಲಿ ಬಗೆ ಬದಲಿಸುತ್ತವೆಂದು ಕೆನಡಾದ ಸಡ್ಬರಿ ಗಣಿಯ ಪ್ರಯೋಗ 2002ರ ಹೊತ್ತಿಗೆ ಖಚಿತಪಡಿಸಿತು. ಸಾರಜನಕ–ಪ್ರೋಟಾನ್ ಕ್ರಿಯೆಯ ವೇಗ ಎಣಿಸಿದ್ದರ ಅರ್ಧ ಮಾತ್ರ ಎಂದು ಲೂನಾ 2004ರಲ್ಲಿ ಅಳೆದಾಗ, ಹಳೆಯ ನಕ್ಷತ್ರಗುಚ್ಛಗಳ ಅಂದಾಜು ವಯಸ್ಸು 70 ಕೋಟಿ ವರ್ಷಕ್ಕೂ ಮಿಗಿಲಾಗಿ ಏರಿತು. ಕಾದದ್ದು ವ್ಯರ್ಥವಾಗಲಿಲ್ಲ.

ಇಂಥ ತಾಳ್ಮೆ ನಮ್ಮ ಜಿಲ್ಲೆಗೆ ಹೊಸದಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1951ರಲ್ಲೇ ಕೆಜಿಎಫ್‌ ಗಣಿಗಿಳಿದು ಮ್ಯೂಆನ್‌ ಅಳೆದರು. 1965ರಲ್ಲಿ ಅಲ್ಲೇ, 2.3 ಕಿ.ಮೀ. ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳಿಗೆ ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. 2001ರಲ್ಲಿ ಗಣಿ ಮುಚ್ಚಿತು, ನೀರು ತುಂಬಿತು. ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯೂ ಮುಚ್ಚಿತು. ಅಲ್ಲಿ ಮಾತ್ರ ಪ್ರಯೋಗಾಲಯ ಕಟ್ಟಿ, ನಕ್ಷತ್ರಗಳ ಅಧ್ಯಯನಕ್ಕೆ ವೇಗವರ್ಧಕವನ್ನೇ ಕೆಳಗಿಳಿಸಿದರು.

ನಮ್ಮಲ್ಲಿ ಜ್ಞಾನಕ್ಕೆ ಬರವಿಲ್ಲ. ಕೋಲ್ಕತ್ತದ ಸಾಹಾ ಸಂಸ್ಥೆಯಲ್ಲಿ 30 ಲಕ್ಷ ವೋಲ್ಟ್‌ನ ‘ಫ್ರೆನಾ’ ವೇಗವರ್ಧಕ ಇದೇ ಕೆಲಸಕ್ಕಾಗಿ ನೆಲದ ಮೇಲಿದೆ. ಜಾದೂಗುಡ ಗಣಿಯ 555 ಮೀಟರ್ ಆಳದಲ್ಲಿ ಅದೇ ಸಂಸ್ಥೆಯ ಪ್ರಯೋಗಾಲಯವಿದೆ. ವೇಗವರ್ಧಕ ಒಂದೆಡೆ, ಆಳ ಇನ್ನೊಂದೆಡೆ. ಎರಡೂ ಒಂದೇ ಬಂಡೆಯಡಿ ಕೂಡಬೇಕು. ಮೂರು ವರ್ಷಕ್ಕೆ ಫಲ ಕೇಳುವ ಅನುದಾನದಿಂದ ಇದು ಆಗದು. ಕನಿಷ್ಠ ಇಪ್ಪತ್ತು ವರ್ಷದ ಭರವಸೆಯೊಂದಿಗೆ ಕೇಂದ್ರ ಸರ್ಕಾರ ಒಂದು ಭೂಗತ ವೇಗವರ್ಧಕ ಕೇಂದ್ರಕ್ಕೆ ಮಂಜೂರಾತಿ ಕೊಡಲಿ.